ಜೇಬಿನಲ್ಲೊಂದು ಫೀಜು

ಹಾಸನವನ್ನು ‘ಬಡವರ ಊಟಿ’ ಎಂದು ಕರೆದ ಪುಣ್ಯಾತ್ಮರು ಬೆಳಗಿನ ಜಾವ ಇಲ್ಲಿ ತಣ್ಣೀರು ಮಿಂದವರಲ್ಲ. ಮಿಂದಿದ್ದರೆ ಹೆಸರಿಡುವುದಕ್ಕೆ ಅವರ ದವಡೆ ಬಿಚ್ಚುತ್ತಿರಲಿಲ್ಲ. ಧನುರ್ಮಾಸದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ಊರಿನ ಜನ ಎದುರಾದರೆ ಮೊದಲು ಮಾತಾಡುವುದು ರಾಜಕೀಯ, ಆಮೇಲೆ ಬಿಸಿನೀರು. ಚುನಾವಣೆ ಇಲ್ಲದ ವರ್ಷವೂ ಈ ಕ್ರಮ ಬದಲಾಗುವುದಿಲ್ಲ.

ಮೊದಲು ಎಲ್ಲರ ಬಚ್ಚಲಲ್ಲೂ ಹಂಡೆ ಇತ್ತು. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟವಿದ್ದವರ ಮನೆಯಲ್ಲಿ ಅದರ ಹೊಟ್ಟೆಗೆ ಗರಿ, ಮಟ್ಟೆ, ಕರಟ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆಂದು ತಂದ ಸೌದೆಯಲ್ಲಿ ಒಂದು ಪಾಲು ಸದ್ದಿಲ್ಲದೆ ಬಚ್ಚಲ ಒಲೆಗೆ. ಹಂಡೆಗೆ ವಾರಂಟಿ ಇರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವು ಮುಡಿಸಿದರೆ ಅದೇ ವರ್ಷದ ಸರ್ವಿಸು. ಹೊಗೆಯಿಂದ ಕಣ್ಣು ಉರಿಯುತ್ತಿತ್ತು ನಿಜ. ಆದರೆ ಹಂಡೆ ಮುಟ್ಟಿ ಶಾಕ್ ಹೊಡೆಸಿಕೊಂಡವರ ಕತೆ ನಮ್ಮ ಸೀಮೆಯಲ್ಲಿಲ್ಲ.

ಕರೆಂಟು ಬಂದದ್ದು ತಡವಾಗಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸೀದಾ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನಮ್ಮ ಬಚ್ಚಲಿಗೆ ದಾರಿ ಹುಡುಕಿಕೊಳ್ಳಲು ಅದಕ್ಕೆ ಇನ್ನೂ ಎರಡು ತಲೆಮಾರು ಹಿಡಿಯಿತು. ಗೊರೂರಿನ ಹೇಮಾವತಿ ಹೊಳೆನರಸೀಪುರದ ಪಕ್ಕದಲ್ಲೇ ಹರಿದು, ಮುಂದೆ ಕಾವೇರಿಯನ್ನು ಸೇರಿ, ಶಿವನಸಮುದ್ರದಲ್ಲಿ ಧುಮುಕಿ, ಕರೆಂಟಾಗಿ, ತಂತಿ ಹಿಡಿದು ತವರಿಗೆ ಬಂದು, ನಮ್ಮ ಗೀಸರಿನಲ್ಲಿ ತನ್ನನ್ನು ತಾನೇ ಕಾಯಿಸಿಕೊಳ್ಳುತ್ತಾಳೆ ಎಂದುಕೊಳ್ಳುವುದು ನನಗೆ ಇಷ್ಟ. ನಡುವೆ ರಾಯಚೂರಿನ ಕಲ್ಲಿದ್ದಲು ಬಾಯಿ ಹಾಕುವುದನ್ನು ಮರೆತರಾಯಿತು.

ಗೀಸರಿನ ಪ್ರಾಣವೆಲ್ಲ ಒಳಗಿನ ಕಾಯಿಲಿನಲ್ಲಿದೆ. ಅಂಗಡಿಯವರ ಬಾಯಲ್ಲಿ ಅದು ಎಲಿಮೆಂಟು. ಅಮೆರಿಕದ ಆಲ್ಬರ್ಟ್ ಮಾರ್ಶ್ 1906ರಲ್ಲಿ ಪೇಟೆಂಟ್ ಪಡೆದ ನಿಕ್ಕಲ್ ಕ್ರೋಮಿಯಂ ತಂತಿಯ ಸುರುಳಿ, ಅದರ ಸುತ್ತ ಬಿಗಿಯಾಗಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ, ಹೊರಗೆ ಲೋಹದ ಕೊಳವೆ. ಆ ಬಿಳಿ ಪುಡಿ ಕೂಡುಕುಟುಂಬದ ಹಿರಿಸೊಸೆಯ ಹಾಗೆ: ಒಳಗಿನ ಬಿಸಿಯನ್ನು ಆಚೆಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಆದರೆ ಬೋರ್‌ವೆಲ್ಲಿನ ಗಡಸು ನೀರು ಕಾಯಿಲಿನ ಮೇಲೆ ಸುಣ್ಣದ ಹೆಕ್ಕಳ ಕಟ್ಟಿಸಿದರೆ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ. ಒಳಗೊಳಗೇ ಕುದಿದು ಒಂದು ದಿನ ಕೊಳವೆ ಬಿರಿಯುತ್ತದೆ. ಬಿರುಕಿನಿಂದ ನೀರು ನುಗ್ಗಿ ಪುಡಿ ನೆನೆದರೆ, ಅಲ್ಲಿಗೆ ಹಿರಿಸೊಸೆಯ ಆಡಳಿತ ಮುಗಿಯಿತು.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಇದು ಗೊತ್ತಾದದ್ದು ಅಮ್ಮನಿಗೆ. “ನಲ್ಲಿ ಚಿವುಟಿತು ಕಣೋ” ಅಂದರು. ಅಮ್ಮನ ಮಾತನ್ನು ಮೊಮ್ಮಗ ನಂಬಲಿಲ್ಲ. ನೀರು ಚೆನ್ನಾಗಿಯೇ ಕಾಯುತ್ತಿತ್ತಲ್ಲ. ಅವನಿಗೂ ಚಿವುಟಿದ ಮೇಲೆ ನಂಬಿದ.

ಸುದ್ದಿ ಫೋನಿನಲ್ಲಿ ಹರಡಿತು. ಹಾಸನದಲ್ಲಿರುವ ಭಾವಮೈದುನ ಇಂಜಿನಿಯರು. ಗೀಸರನ್ನೇ ಎಸೆದು ಹೊಸದು ತನ್ನಿ ಅಂದ. ಇಂಜಿನಿಯರುಗಳು ಇನ್ನೊಬ್ಬರ ದುಡ್ಡಿನ ವಿಷಯದಲ್ಲಿ ಉದಾರಿಗಳು. ಅರಕಲಗೂಡಿನ ಷಡ್ಡಕ, “ಹವಾಯಿ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ, ಏನೂ ಆಗಲ್ಲ” ಅಂದರು. ಮೈಯೆಲ್ಲ ನೆನೆದು, ಕೈ ನಲ್ಲಿಯ ಮೇಲೆ, ಹೆಗಲು ಒದ್ದೆ ಗೋಡೆಗೆ ತಾಗಿ ನಿಂತವನನ್ನು ಸವೆದ ಚಪ್ಪಲಿ ಕಾಪಾಡುತ್ತದೆಂದು ನಂಬುವುದಕ್ಕೆ ಎದೆಗಾರಿಕೆ ಬೇಕು, ಅದು ಷಡ್ಡಕರಿಗಿದೆ. ಚನ್ನರಾಯಪಟ್ಟಣದ ಬೀಗರು ತೋಟದವರು. “ಕಾಯಿಲ್ ಬಿಚ್ಚಿ ಕುಡುಗೋಲಲ್ಲಿ ಕೆರೆದು ಮತ್ತೆ ಹಾಕಿ ಬೀಗ್ರೇ” ಅಂದರು. ಹೆಕ್ಕಳ ಹೋಗುತ್ತದೆ ಸರಿ. ಬಿರಿದ ಕೊಳವೆಗೆ ಮಾತ್ರ ಕುಡುಗೋಲೂ ಇಲ್ಲ, ಎಂಸೀಲೂ ಇಲ್ಲ. ಹೊಸದೇ ಗತಿ.

ಕೊನೆಗೆ ಎಲೆಕ್ಟ್ರಿಷಿಯನ್ ಬಂದ. ಸಣಕಲು ಆಳು, ಕಿವಿಯ ಮೇಲೊಂದು ಟೆಸ್ಟರು.

“ಸ್ವಿಚ್ ಆಫ್ ಮಾಡಿದೀನಪ್ಪ” ಅಂದೆ.

“ನೀವು ಮಾಡಿದೀರಿ ಸಾರ್. ಕರೆಂಟಿಗೆ ಗೊತ್ತಾ?”

ಮೊದಲು ಹಜಾರದ ಪ್ಲಗ್ಗಿಗೆ ಟೆಸ್ಟರ್ ಚುಚ್ಚಿ ಅದು ಉರಿಯುತ್ತದೆಂದು ನೋಡಿಕೊಂಡ. ಟೆಸ್ಟರೇ ಸತ್ತಿದ್ದರೆ ಅದು ಎಲ್ಲ ತಂತಿಗೂ ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತದಂತೆ. ಆಮೇಲೆ ಗೀಸರಿನ ಮುಚ್ಚಳ ತೆಗೆದು ಟರ್ಮಿನಲ್ಲಿಗೆ ಹಿಡಿದ. ಸ್ವಿಚ್ ಆಫ್ ಆಗಿದ್ದ ಗೀಸರಿನ ಒಳಗೆ ಟೆಸ್ಟರು ಜಗ್ಗನೆ ಹತ್ತಿತು. ಮನೆ ಕಟ್ಟಿದ ಕಾಲದ ವೈರಿಂಗಿನವನು ಸ್ವಿಚ್ಚನ್ನು ಫೇಸಿಗೆ ಕೊಡುವ ಬದಲು ನ್ಯೂಟ್ರಲಿಗೆ ಕೊಟ್ಟಿದ್ದ. ಸ್ವಿಚ್ ಆರಿಸಿದರೆ ನೀರು ಕಾಯುವುದು ನಿಲ್ಲುತ್ತದೆ, ಕರೆಂಟು ಮಾತ್ರ ಕಾಯಿಲಿನ ತನಕ ಬಂದು ಕಾದು ಕೂತಿರುತ್ತದೆ.

ಎಲೆಕ್ಟ್ರಿಷಿಯನ್ ಒಂದು ಮಾತೂ ಆಡದೆ ವರಾಂಡಕ್ಕೆ ಹೋಗಿ, ಮೀಟರಿನ ಪಕ್ಕದ ಹಳೆಯ ಬೋರ್ಡಿನಿಂದ ಬಿಳಿ ಪಿಂಗಾಣಿಯ ಮೈನ್ ಫೀಜು ಕಿತ್ತು ಅಂಗಿಯ ಜೇಬಿಗೆ ಇಳಿಬಿಟ್ಟ. ಇಡೀ ಮನೆ ಉಸಿರು ನಿಲ್ಲಿಸಿತು.

“ಬೋರ್ಡಿನ ಮೇಲೇ ಇಡಬಹುದಿತ್ತಲ್ಲ?”

“ನಾನು ಒಳಗೆ ತಂತಿ ಹಿಡ್ಕೊಂಡಿರ್ತೀನಿ. ಹೊರಗೆ ಯಾರೋ ಬಂದು, ಅಯ್ಯೋ ಫೀಜ್ ಬಿದ್ದೋಗಿದೆ ಅಂತ ಉಪಕಾರ ಮಾಡ್ತಾರೆ. ಜೇಬಲ್ಲಿರೋ ಫೀಜ್ ಒಂದನ್ನೇ ನಂಬೋದು ಸಾರ್ ನಾನು. ಮನೆಯೋರ್ನ ಮೊದಲೇ ನಂಬಲ್ಲ.”

ಟೆಸ್ಟರ್ ಹಿಡಿದು ಇನ್ನೊಮ್ಮೆ ನೋಡಿ, ನೀರು ಆರುವ ತನಕ ಕಾದು, ಟ್ಯಾಂಕು ಖಾಲಿ ಮಾಡಿ ಕಾಯಿಲ್ ಎಳೆದ. ಬೆಳ್ಳಗೆ ಬೂದಿ ಬಳಿದುಕೊಂಡ ಸನ್ಯಾಸಿ ಹೊರಗೆ ಬಂದಿತು. ಮೀಟರ್ ಹಚ್ಚಿದ. 230 ವೋಲ್ಟಿನಲ್ಲಿ ನಡೆಯುವ 2000 ವ್ಯಾಟಿನ ಕಾಯಿಲಿನ ಎರಡು ಕಾಲುಗಳ ನಡುವೆ 26 ಓಮಿನಷ್ಟು ತೋರಿಸಬೇಕು, ತೋರಿಸಿತು. ಕಾಲಿಗೂ ಹೊರಗಿನ ಕೊಳವೆಗೂ ನಡುವೆ ಏನೂ ತೋರಿಸಬಾರದು, ಅಲ್ಲೂ ತೋರಿಸಿತು. “ಸತ್ತಿದ್ರೆ ತೊಂದ್ರೆ ಇರ್ಲಿಲ್ಲ ಸಾರ್. ನೀರೂ ಕಾಯಿಸ್ತದೆ, ಜೀವಾನೂ ತೆಗೀತದೆ. ನೀಯತ್ತಿಲ್ಲದ್ದು ಇದು” ಎಂದು ಅದನ್ನು ಪೇಪರಿನಲ್ಲಿ ಸುತ್ತಿದ. ಅದೇ ಅಳತೆಯ ಚಕ್ಕೆ, ಅದೇ ನಾಲ್ಕು ತೂತು ಇರುವ ಕಾಯಿಲ್ ಹಾಸನದಲ್ಲೇ ಸಿಗಬೇಕು. ಈಗ ಬಂದೆ ಎಂದು ಹೊರಟ.

ಅವನು ಹತ್ತಿದ ಬಸ್ಸು ಊರು ದಾಟಿದ ಮೇಲೆ ಅಮ್ಮ ಟೀವಿ ಹಾಕಲು ಹೋದರು. ಫೀಜು ಬಸ್ಸಿನಲ್ಲಿತ್ತು.

ಫೋನ್ ಮಾಡಿದರೆ ಎತ್ತಲಿಲ್ಲ. ಬೆಳಗ್ಗೆ ಕೆಲಸದ ನಡುವೆಯೂ ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು; ಕೈ ತಂತಿಯಲ್ಲಿದ್ದಾಗ ಫೋನ್ ಎತ್ತಬಾರದು, ಅದೂ ಸೇಫ್ಟಿ ಅಂದಿದ್ದ. ಅಂತೂ ಕೊನೆಗೆ ಸಿಕ್ಕಿ, “ಬೇರೆ ಫೀಜ್ ಹಾಕ್ಬೇಡಿ ಸಾರ್, ಒಳಗೆ ವೈರ್ ತುದಿ ಬಿಚ್ಕೊಂಡಿವೆ” ಎಂದು ಹೆದರಿಸಿ ಇಟ್ಟ. ಪಕ್ಕದ ಮನೆಯವರು ಅಷ್ಟರಲ್ಲಿ ಒಂದು ತುಂಡು ತಾಮ್ರದ ತಂತಿ ಹಿಡಿದು ಬಂದಿದ್ದರು. ನಮ್ಮ ಕಡೆ ಫೀಜಿನ ಜಾಗಕ್ಕೆ ದಪ್ಪ ತಂತಿ ಸುತ್ತುವುದು ನೆರೆಹೊರೆಯ ಧರ್ಮಗಳಲ್ಲಿ ಒಂದು. ಫೀಜಿನ ಸಣ್ಣ ತಂತಿ ಇರುವುದೇ ಕರಗಿ ಸಾಯುವುದಕ್ಕೆ; ದಪ್ಪ ತಂತಿ ತಾನು ಉಳಿದು ಮನೆಯನ್ನು ಕರಗಿಸುತ್ತದೆ. ಅವರಿಗೆ ಕಾಫಿ ಕೊಟ್ಟು ಕಳಿಸಬೇಕಾಯಿತು.

ಮಿಕ್ಸಿ ಇಲ್ಲದೆ ಹೆಂಡತಿ ಒರಳುಕಲ್ಲಿನ ಮುಂದೆ ಕೂತಳು. ಅವಳು ರುಬ್ಬುತ್ತಿದ್ದುದು ಖಾರವೋ ನನ್ನನ್ನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಕರೆಂಟು ಪುಕ್ಕಟೆ ಎಂದು ಗಂಟೆಗಟ್ಟಲೆ ಗೀಸರ್ ಉರಿಸುತ್ತಿದ್ದ ಮಗನಿಗೆ, ಗಂಟೆಗೆ ಎರಡು ಯೂನಿಟ್ಟಿನ ಲೆಕ್ಕ ಹೇಳಲು ಇದೇ ಸಮಯವೆಂದು ಶುರುಮಾಡಿದೆ. ಮೊಬೈಲಿನ ಚಾರ್ಜು ಮುಗಿದಿದ್ದರಿಂದ ಅವನಿಗೆ ಕೇಳದೆ ಬೇರೆ ದಾರಿ ಇರಲಿಲ್ಲ. ಅಮ್ಮ ಮಾತ್ರ ಉತ್ಸಾಹದಲ್ಲಿದ್ದರು. ಹಿತ್ತಲ ಹಂಡೆಗೆ ನೀರು ತುಂಬಿಸಿ, ಗರಿ ಒಟ್ಟಿ, ಬೆಂಕಿ ಹಚ್ಚಿ ಎಲ್ಲರನ್ನೂ ಕೆಮ್ಮಿಸಿದರು. ಸಂಜೆಗೆ ನಮ್ಮ ಮನೆಯಲ್ಲಿ ಗೃಹವೂ ಇತ್ತು, ಜ್ಯೋತಿಯೂ ಇತ್ತು. ಜ್ಯೋತಿ ಹರಳೆಣ್ಣೆಯದು.

ಎಲೆಕ್ಟ್ರಿಷಿಯನ್ ದೀಪದ ಹೊತ್ತಿಗೆ ಬಂದ. ಹಳೆಯ ರಬ್ಬರ್ ವಾಷರ್ ಎಸೆದು ಹೊಸದು ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದ. 3000 ವ್ಯಾಟಿನದು ತಂದಿದ್ದರೆ ಬೇಗ ಕಾಯುತ್ತಿತ್ತಲ್ಲ ಎಂದು ಮಗ ಕೇಳಿದ. “ಕಾಯ್ತಿತ್ತು. ನೀರಿಗಿಂತ ಮೊದ್ಲು ಗೋಡೆ ಒಳಗಿನ ವೈರು ಕಾಯ್ತಿತ್ತು” ಅಂದ. 2000 ವ್ಯಾಟಿಗೆ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುವ ತಂತಿ 3000ಕ್ಕೆ ಹದಿಮೂರು ಎಳೆಯಬೇಕು. ನಮ್ಮ ತಂತಿಗೆ ವಯಸ್ಸಾಗಿತ್ತು. ನ್ಯೂಟ್ರಲಿಗೆ ಹೋಗಿದ್ದ ಸ್ವಿಚ್ಚನ್ನು ಫೇಸಿಗೆ ತಿರುಗಿಸಿದ. ಬಿಸಿನೀರ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಧಾರೆಯಾಗಿ ಬೀಳುವ ತನಕ ಟ್ಯಾಂಕು ತುಂಬಿಸಿದ. ನೀರಿಲ್ಲದೆ ಕರೆಂಟು ಕೊಟ್ಟರೆ ಹೊಸ ಕಾಯಿಲ್ ಅಲ್ಲೇ ಸುಟ್ಟುಹೋಗುತ್ತದೆ.

ಆಮೇಲೆ ಅರ್ಥಿಂಗ್ ಹುಡುಕಿದ. ಪ್ಲಗ್ಗಿನ ಹಿಂದೆ ಹಸಿರು ತಂತಿ ಯಾವುದಕ್ಕೂ ಸೇರದೆ, ಮಡಿಸಿಕೊಂಡು ಗೋಡೆಯೊಳಗೆ ಮಲಗಿತ್ತು. ಸೋರಿದ ಕರೆಂಟು ನೆಲಕ್ಕೆ ಹೋಗಬೇಕಾದ ದಾರಿಯೇ ಇಲ್ಲದೆ ಅಮ್ಮನ ಕೈ ಹುಡುಕಿಕೊಂಡು ಬಂದಿತ್ತು. ತಂತಿ ಸೇರಿಸಿ, ಇದ್ದಿಲು ಉಪ್ಪು ತುಂಬಿದ ಅರ್ಥ್ ಗುಂಡಿ ಎಲ್ಲಿ ಎಂದು ಕೇಳಿದ. ಅದರ ಮೇಲೆ ದಾಸವಾಳ ಬೆಳೆದಿತ್ತು. “ಒಣಗಕ್ಕೆ ಬಿಡ್ಬೇಡಿ ಅಮ್ಮ, ಬೇಸಿಗೇಲಿ ನೀರು ಹಾಕಿ. 30 ಮಿಲಿ ಆಂಪಿಯರ್ದು ಒಂದು ಆರ್‌ಸಿಸಿಬಿನೂ ಹಾಕಿಸ್ಬಿಡಿ, ಸೋರಿದ ತಕ್ಷಣ ಕಟ್ ಆಗ್ತದೆ” ಅಂದ. ಅಮ್ಮ ತುಳಸಿಗೆ ಹಾಕಿ ಉಳಿದ ಚೊಂಬಿನ ನೀರನ್ನು ಆಗಲೇ ದಾಸವಾಳದ ಬುಡಕ್ಕೆ ಸುರಿದು ಕೈಮುಗಿದರು.

ಇನ್ನು ಫೀಜು ಹಾಕುವುದಷ್ಟೇ. ವರಾಂಡದಲ್ಲಿ ನಾವೆಲ್ಲ ದೀಪ ಹಿಡಿದು ಸಾಲಾಗಿ ನಿಂತೆವು. ಅವನು ಜೇಬಿಗೆ ಕೈ ಹಾಕಿ ತೆಗೆದ. ಅಂಗೈಯಲ್ಲಿ ಫೀಜು ಎರಡಿದ್ದವು. ಎರಡೂ ಬಿಳಿ ಪಿಂಗಾಣಿ, ಎರಡೂ ಒಂದೇ ಅಳತೆ.

“ನಮ್ಮದು ಒಂದೇ ಅಲ್ವೇನಪ್ಪ?” ಅಂದರು ಅಮ್ಮ.

ಅವನು ಎರಡನ್ನೂ ತಿರುಗಿಸಿ ನೋಡಿದ. ಮುಖದಲ್ಲಿ ಬೆಳಗಿನ ಯಾವುದೋ ಮನೆ ನಿಧಾನವಾಗಿ ಮೂಡುತ್ತಿತ್ತು. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದ.

“ಹೇಳಿ ಅಕ್ಕ… ಬೆಳಗ್ಗೆಯಿಂದ ಇಲ್ವಾ?… ಪಕ್ಕದ ಮನೇಲಿ ಐತಾ?… ಫ್ರಿಜ್ಜಿನ ಹಾಲೂ ಕೆಟ್ಟೋಯ್ತಾ? ಛೆ ಛೆ… ಇರಿ ಅಕ್ಕ, ಯಾವುದಕ್ಕೂ ಲೈನ್‌ಮ್ಯಾನ್‌ನ ಒಂದು ಮಾತು ಕೇಳಿ ಬರ್ತೀನಿ.”

ನಮ್ಮ ಫೀಜು ಸಿಕ್ಕಿಸಿ, ದುಡ್ಡನ್ನೂ ಕೇಳದೆ ಅವನು ಬೀದಿಯಲ್ಲಿ ಓಡಿದ.