ಹಲೋಪಶಾಸ್ತ್ರ ಪ್ರವೇಶಿಕೆ

ಪದಾದಿಯ ಹಕಾರವು ಉಚ್ಚಾರಣೆಯಲ್ಲಿ ಅದೃಶ್ಯವಾಗುವುದೇ ಹಲೋಪ. ಹಾಲು ಆಲಾಗುವುದು, ಹಾಸನ ಆಸನವಾಗುವುದು ಇದರ ಪ್ರಸಿದ್ಧ ಲಕ್ಷ್ಯಗಳು. ಇದನ್ನು ಕುರಿತು ಕನ್ನಡದಲ್ಲಿ ಈವರೆಗೆ ಪರಿಹಾಸವಿತ್ತು, ಶಾಸ್ತ್ರವಿರಲಿಲ್ಲ. ಹದಿನಾಲ್ಕು ಮಾಹೇಶ್ವರಸೂತ್ರಗಳಲ್ಲಿ ಅನುಬಂಧಗಳನ್ನು ಬಿಟ್ಟರೆ ಎರಡು ಸಲ ಪಠಿತವಾದ ವರ್ಣ ಹಕಾರವೊಂದೇ, 5ನೆಯದರಲ್ಲೊಮ್ಮೆ, 14ನೆಯದರಲ್ಲೊಮ್ಮೆ. ವೈಯಾಕರಣರು ಇದಕ್ಕೆ ಬೇರೆ ಕಾರಣ ಹೇಳುತ್ತಾರೆ. ಒಂದು ಬಿದ್ದುಹೋದರೆ ಇನ್ನೊಂದಿರಲಿ ಎಂಬ ಮುಂಜಾಗ್ರತೆಯೆಂದು ಪ್ರಸ್ತುತ ಶಾಸ್ತ್ರಕಾರನ ಮತ.

ಅಧ್ಯಯನಕ್ಷೇತ್ರ ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಮೆಟ್ರೊ ಮಾರ್ಗವು ಇಲ್ಲಿಗೆ ಬರುವಷ್ಟರಲ್ಲಿ ಹೊಂಗಸಂದ್ರ, ಹೊಸ ರೋಡ್, ಹುಸ್ಕೂರು ರಸ್ತೆ ಎಂಬ ಮೂರು ಹಕಾರಾದಿ ನಿಲ್ದಾಣಗಳನ್ನು ಹಾದುಬರುತ್ತದೆ, ಹೆಬ್ಬಗೋಡಿ ನಾಲ್ಕನೆಯದು. ಮಾರ್ಗದ ಹೆಸರೂ ಹಳದಿ. ಒಟ್ಟು 16 ನಿಲ್ದಾಣಗಳ ಇಂಥ ಪ್ರಯೋಗಶಾಲೆಯನ್ನು ಯಾವ ವಿಶ್ವವಿದ್ಯಾಲಯವೂ ಕಟ್ಟಿಕೊಡಲಾರದು.

ಹಲೋಪವು ದೋಷವೇ ಎಂಬುದು ಪೂರ್ವಪಕ್ಷ. ಇಂದಿನ ಹಾಲು ಹಿಂದೆ ಪಾಲಾಗಿತ್ತು, ಹೂವು ಪೂವಾಗಿತ್ತು, ಹುಲಿ ಪುಲಿಯಾಗಿತ್ತು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಲ್ಲಿ ಆ ಊರು ಪಲ್ಮಡಿ. ಎಂದಮೇಲೆ ಶುದ್ಧಹಕಾರವಾದಿಯೇ ವಂಶಪಾರಂಪರ್ಯವಾಗಿ ಪಕಾರಲೋಪಿ. ಹಾಲು ಎನ್ನುವವನನ್ನೂ ಆಲು ಎನ್ನುವವನನ್ನೂ ಕಂಡು ನಗುವ ಅರ್ಹತೆ, ಇಂದಿಗೂ ಪಾಲು ಎನ್ನುವ ತಮಿಳರಿಗೆ ಮಾತ್ರ ಉಂಟು. ಅವರೋ, ಅತ್ತಿಬೆಲೆ ದಾಟುತ್ತಲೇ ಹೊಸೂರನ್ನು ಓಸೂರು ಎಂದು ಸರ್ಕಾರಿ ಫಲಕದ ಮೇಲೇ ಬರೆಸಿದ್ದಾರೆ.

ಲೋಪಿಗಳು ಚತುರ್ವಿಧರು.

ಒಂದನೆಯವನು ಸಹಜಲೋಪಿ. ಇವನಿಗೆ ಹಕಾರವಿಲ್ಲ, ಇಲ್ಲವೆಂಬ ಅರಿವೂ ಇಲ್ಲ, ಆದಕಾರಣ ದುಃಖವೂ ಇಲ್ಲ. ಗೃಹಸ್ಥ, ಪೀಜೀಸ್ಥ ಎಂಬ ಉಪಭೇದಗಳಿದ್ದರೂ ಲೋಪದ ಪ್ರಮಾಣ ಸಮಾನವಾದ್ದರಿಂದ ವಿಸ್ತರಿಸಿಲ್ಲ.

ಎರಡನೆಯವನು ದ್ವಾರಪರಿವರ್ತಿ. ಕಂಪನಿಯ ಗೇಟಿನಲ್ಲಿ ಐಡಿ ಕಾರ್ಡು ಉಜ್ಜಿದ ಕ್ಷಣದಿಂದ ಸಂಜೆ ಮತ್ತೆ ಉಜ್ಜುವವರೆಗೆ ಮಾತ್ರ ಈತ ಹಕಾರವಂತ. ಇವನಲ್ಲಿ ಮೂರು ಉಪಭೇದಗಳು. ಹಕಾರಕ್ಕೆ ಮುನ್ನ ಉಸಿರು ಕಟ್ಟಿ ನಿಲ್ಲುವವನು ವಿಲಂಬಿ. ಸಭೆಯಲ್ಲಿ ಮೈಕನ್ನೇ ತೆರೆಯದವನು ಮೌನಿ. ಇವನನ್ನು ಗಂಭೀರಪ್ರಕೃತಿಯವನೆಂದು ತಿಳಿದು ಬಡ್ತಿ ಕೊಟ್ಟದ್ದುಂಟು. ಪರ್ಯಾಯಾನ್ವೇಷಿಯು ಇವರಿಬ್ಬರಿಗಿಂತಲೂ ಸೂಕ್ಷ್ಮಮತಿ. ಹಾಲಿಗೆ ಮಿಲ್ಕ್, ಹತ್ತಕ್ಕೆ ಟೆನ್, ಹುಳಿಗೆ ಸಾಂಬಾರ್ ಎಂದು ಸಮಾನಾರ್ಥಕಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿರುತ್ತಾನೆ. ಹಬ್ಬಕ್ಕೆ ಫೆಸ್ಟಿವಲ್ ಎಂದೇ ಶುಭಾಶಯ ಕೋರುತ್ತಾನೆ. ಇವನ ಇಂಗ್ಲಿಷಿಗೆ ತಲೆದೂಗುವವರು ಅದರ ನಿಮಿತ್ತಕಾರಣವನ್ನು ವಿಚಾರಿಸಿದವರಲ್ಲ.

ಮೂರನೆಯವನು ಅತಿಹಕಾರಿ. ಭೀತಿಯ ಆಧಿಕ್ಯದಿಂದ ಅಕ್ಕಿಯನ್ನು ಹಕ್ಕಿ ಮಾಡುತ್ತಾನೆ, ಆನೇಕಲ್ಲನ್ನು ಹಾನೇಕಲ್ ಎನ್ನುತ್ತಾನೆ. ಪ್ರಭೇದವು ಪ್ರಾಚೀನ: ರೋಮಿನ ಕವಿ ಕತುಲ್ಲಸ್ ಕ್ರಿಸ್ತಪೂರ್ವ 1ನೇ ಶತಮಾನದಲ್ಲೇ, ಇಲ್ಲದೆಡೆ ಹಕಾರ ಹಚ್ಚುವ ಆರಿಯಸ್ ಎಂಬವನ ಮೇಲೆ ಪದ್ಯ ಬರೆದಿದ್ದಾನೆ. ಇದರಿಂದ ಹಕಾರಸಂರಕ್ಷಣ ನಿಯಮವು ಸಿದ್ಧಿಸುತ್ತದೆ: ಒಂದು ತಾಲ್ಲೂಕಿನೊಳಗಿನ ಹಕಾರಗಳ ಒಟ್ಟು ಮೊತ್ತ ಸ್ಥಿರ. ಹೆಬ್ಬಗೋಡಿಯಲ್ಲಿ ಬಿದ್ದದ್ದು ಆನೇಕಲ್ಲಿನಲ್ಲಿ ಏಳುತ್ತದೆ.

ನಾಲ್ಕನೆಯವನು ಪ್ರತ್ಯಾಗತ, ಅರಿತೂ ಮರಳಿದವನು. ಲಕ್ಷ್ಯವು ದುರ್ಲಭ; ಶಾಸ್ತ್ರಕಾರನಿಗೆ ಒಮ್ಮೆ ಸಂಧ್ಯಾಕಾಲದ ಮೆಟ್ರೊದಲ್ಲಿ ದೊರೆಯಿತು. ಬಾಗಿಲಿಗೊರಗಿ ನಿಂತಿದ್ದ ಯುವಕನೊಬ್ಬ, ಕೊರಳಲ್ಲಿ ಕಂಪನಿಯ ಪಟ್ಟಿ, ಕೈಯಲ್ಲಿ ಊಟದ ಡಬ್ಬಿ, ಫೋನಿನಲ್ಲಿ “ಎಬ್ಗೋಡೀಲ್ ಇಳೀತೀನಿ ಕಣವ್ವ” ಎಂದ. ಪಕ್ಕದ ಇಬ್ಬರು ಸಹೋದ್ಯೋಗಿಗಳು ಪರಸ್ಪರ ಮುಖ ನೋಡಿಕೊಂಡರು. ಅದನ್ನು ಕಂಡವನೇ ಉಸಿರೆಳೆದು “ಹ್ಹೆಬ್ಬಗೋಡಿ” ಎಂದು ತಿದ್ದಿಕೊಂಡ. ಅತ್ತಲಿಂದ ಬಂದ ಧ್ವನಿ ನಮಗೆಲ್ಲ ಕೇಳಿಸಿತು: “ಅದ್ಯಾವೂರ್ಲಾ? ಅಲ್ಲಿಗ್ಯಾಕೋದೆ?” ಅವನು ಸಹೋದ್ಯೋಗಿಗಳನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದ. ಆಮೇಲೆ ಮೊದಲಿಗಿಂತ ಗಟ್ಟಿಯಾಗಿ, “ಎಬ್ಗೋಡಿ ಕಣವ್ವ, ಎಬ್ಗೋಡಿ” ಎಂದು ಇಳಿದುಹೋದ. ಕಾಲಾವಧಿ ಎರಡು ನಿಲ್ದಾಣ.

ಪರಿಭಾಷೆಯ ಸಮಸ್ಯೆಯೊಂದು ಉಳಿದಿದೆ. ಈ ಪ್ರಬಂಧದ ಅಕ್ಷರ ಜೋಡಿಸಿದ ಡಿಟಿಪಿ ಅಂಗಡಿಯ ಹುಡುಗ ಶೀರ್ಷಿಕೆಯನ್ನು ಓದಿ, “ಸಾರ್, ಅಲೋಪಶಾಸ್ತ್ರ ಅಂತಾನಾ?” ಎಂದು ಕೇಳಿದ. ಶಾಸ್ತ್ರಕಾರನು ಸ್ತಂಭೀಭೂತನಾದ. ಅಲೋಪವೆಂದರೆ ಲೋಪವಿಲ್ಲದಿರುವಿಕೆ. ಹಲೋಪ ಎಂಬ ಪದದಿಂದಲೇ ಹಕಾರ ಲೋಪಿಸಿದರೆ, ಲೋಪವೇ ಇಲ್ಲವೆಂಬ ಅರ್ಥ ಉಳಿಯುತ್ತದೆ. ಲೋಪಿಯ ಬಾಯಲ್ಲಿ ಲೋಪವು ಸಂಭವಿಸಲಾರದು. ಹುಡುಗ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದ. ಹದಿನೈದು ವರ್ಷ ದ್ವಾರಪರಿವರ್ತಿಯಾಗಿ ಸೇವೆ ಸಲ್ಲಿಸಿದ ಶಾಸ್ತ್ರಕಾರನು ಉತ್ತರಿಸಿದನು:

“ಔದು ಕಣಪ್ಪಾ.”