ಮುಂದಿನ ಚಕ್ರದ ಗರಗರ: ಮಾಲೀಕರ ಕೈಪಿಡಿ

ಈ ಕೈಪಿಡಿಯನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಅವಧಿ ಮುಗಿದ ಎಮಿಶನ್ ಸರ್ಟಿಫಿಕೇಟು, ಕಳೆದ ಆಯುಧಪೂಜೆಯ ಕುಂಕುಮದ ಪೊಟ್ಟಣಗಳ ಜೊತೆಯಲ್ಲೇ ಇಟ್ಟುಕೊಳ್ಳಿ. ಕಾರು ಕೊಂಡಾಗ ಕಂಪನಿಯವರು ಕೊಟ್ಟ ದಪ್ಪ ಪುಸ್ತಕವೂ ಅಲ್ಲೇ ಇರಬೇಕು, ಪ್ಲಾಸ್ಟಿಕ್ ಕವರು ಹರಿಯದೆ. ಮೊಬೈಲನ್ನು ಸ್ಟೀರಿಯೋಗೆ ಜೋಡಿಸುವುದು ಹೇಗೆ ಎಂದು ಅದು ಪುಟಗಟ್ಟಲೆ ಹೇಳುತ್ತದೆ. ಚಕ್ರ ಗರಗರ ಎಂದರೆ ಮಾತ್ರ ಹತ್ತಿರದ ಸರ್ವಿಸ್ ಸೆಂಟರಿಗೆ ಹೋಗಿ ಎಂದು ಕೈತೊಳೆದುಕೊಳ್ಳುತ್ತದೆ. ಅಲ್ಲಿಗೆ ಹೋಗುವ ಮುಂಚೆ ಗೊತ್ತಿರಬೇಕಾದದ್ದು ಇಲ್ಲಿದೆ.

ಹಂತ 1: ಕೇಳಿಸುತ್ತಿದೆ ಎಂದು ಒಪ್ಪಿಕೊಳ್ಳುವುದು

ಇಡೀ ರಿಪೇರಿಯಲ್ಲಿ ಹೆಚ್ಚು ದಿನ ಹಿಡಿಯುವುದು ಇದೇ. ಸದ್ದು ಮೊದಲು ಕೇಳಿಸುವುದು ಪಕ್ಕದ ಸೀಟಿನಲ್ಲಿ ಕೂತವರಿಗೆ.

"ಏನ್ರೀ ಅದು, ಗರ್ ಅಂತಿದೆ?"

"ರೋಡ್ ಸರಿಯಿಲ್ಲ ಕಣೆ."

ಮೊನ್ನೆ ತಾನೇ ಡಾಂಬರು ಕಂಡ ರಸ್ತೆಯಲ್ಲೂ ನಿಮ್ಮ ಬಾಯಲ್ಲಿ ಇದೇ ಉತ್ತರ ಬಂದರೆ ಹಂತ 1 ಶುರುವಾಗಿದೆ ಎಂದು ತಿಳಿಯಿರಿ. ಈಗ ಕ್ರಮವಾಗಿ ಕಿಟಕಿಯ ಗಾಜು ಏರಿಸಿ, ಎಸಿ ಹಾಕಿ, ಹಾಡಿನ ಸದ್ದು ಹೆಚ್ಚಿಸಿ. ಬಹಳಷ್ಟು ದೋಷಗಳು ಇಷ್ಟಕ್ಕೇ ಗುಣವಾಗುತ್ತವೆ, ಮುಂದಿನ ಹಂಪ್ ಬರುವವರೆಗೆ. ಹಾಡಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ ಮೇಲೂ ಕೇಳಿಸುತ್ತಿದ್ದರೆ ಹಂತ 2ಕ್ಕೆ ಹೋಗಿ.

ಹಂತ 2: ಸಲಹೆ ಸಂಗ್ರಹ

ಮನೆಯ ಮುಂದೆ ಕಾರು ನಿಲ್ಲಿಸಿ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂರಿ. ಬೇರೇನೂ ಮಾಡಬೇಕಾಗಿಲ್ಲ, ಜನ ತಾವಾಗಿಯೇ ಸೇರುತ್ತಾರೆ. ವಾಚ್‌ಮನ್ ಟೈರಿಗೆ ಒಂದು ಒದೆ ಕೊಟ್ಟು "ಗಾಳಿ ಕಮ್ಮಿ ಸಾರ್" ಅನ್ನುತ್ತಾನೆ. ಭಾವಮೈದ ಫೋನಿನಲ್ಲೇ ಸದ್ದು ಕೇಳಿಸಿಕೊಂಡು "ಬೇರಿಂಗ್ ಹೋಗಿದೆ ಭಾವ" ಎಂದು ತೀರ್ಪು ಕೊಡುತ್ತಾನೆ. ಹೋದ ವರ್ಷ ಮಿಕ್ಸಿ ಕೆಟ್ಟಾಗಲೂ ಅವನು ಇದನ್ನೇ ಹೇಳಿದ್ದ. ಅತ್ತೆ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ನಿವಾಳಿಸಿ ಚಕ್ರದಡಿ ಇಡುತ್ತಾರೆ. ಇದರಿಂದ ಕಾರಿಗೆ ಹಾನಿಯಿಲ್ಲ. ಬಂದ ಸಲಹೆಗಳಲ್ಲೆಲ್ಲ ಖರ್ಚು ಕಡಿಮೆ ಇರುವುದೂ ಇದೇ.

ಎದುರು ಮನೆಯ ನಿವೃತ್ತ ಎಂಜಿನಿಯರು ಬಂದು ಅಂಬಾಸಡರ್ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಎಂದು ಶುರುಮಾಡಿದರೆ ಮಾತ್ರ ಒಂದು ಕುರ್ಚಿ ಹಾಕಿಕೊಡಿ. ಅವರ ಮಾತು ಅರ್ಧ ನಿಜ. ಅಂಬಾಸಡರ್, ಪದ್ಮಿನಿಗಳಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದದ್ದು ಹಿಂದಿನ ಚಕ್ರಕ್ಕೆ. 1983ರಲ್ಲಿ ಮಾರುತಿ 800 ಬಂತು ನೋಡಿ, ಎಳೆಯುವುದು, ತಿರುಗಿಸುವುದು, ಹೆಚ್ಚಿನ ಪಾಲು ನಿಲ್ಲಿಸುವುದು, ಮೂರೂ ಮುಂದಿನ ಚಕ್ರದ ತಲೆಗೇ ಬಿತ್ತು. ಅದರ ಮೇಲೆ ನಮ್ಮ ಹೊಂಡಗಳು. ಅದು ಗೊಣಗುವುದರಲ್ಲಿ ನ್ಯಾಯವಿದೆ.

ಹಂತ 3: ವಿಚಾರಣೆ

ಎಲ್ಲರೂ ಕೇಳುವುದು ಎಂಥ ಸದ್ದು ಎಂದು. ನೀವು ಕೇಳಬೇಕಾದದ್ದು ಯಾವಾಗ ಎಂದು. ಒಳ್ಳೆಯ ಮೆಕ್ಯಾನಿಕ್ ಯಾರು ಎಂದು ಗುರುತಿಸುವುದೂ ಈ ಪ್ರಶ್ನೆಯಿಂದಲೇ. ಬ್ರೇಕ್ ಒತ್ತಿದಾಗಲೋ, ತಿರುಗಿಸಿದಾಗಲೋ, ಸುಮ್ಮನೆ ಓಡುವಾಗಲೋ ಎಂದು ಕೇಳದೆ ಸೀದಾ ಸ್ಪ್ಯಾನರ್ ಕೈಗೆತ್ತಿಕೊಳ್ಳುವವನು ನಿಮ್ಮ ದುಡ್ಡಿನಲ್ಲಿ ಕಲಿಯುತ್ತಿದ್ದಾನೆ.

ಬೆಳಗಿನ ಜಾವ, ಖಾಲಿ ರಸ್ತೆ, ಗಾಜು ಇಳಿಸಿ, ಹಾಡು ಬಂದ್ ಮಾಡಿ, ಒಂದು ಉದ್ದನೆಯ ಕಾಂಪೌಂಡಿನ ಪಕ್ಕಕ್ಕೆ ನಿಧಾನವಾಗಿ ಓಡಿಸಿ. ಗೋಡೆಗೆ ಬಡಿದ ಸದ್ದು ಕಿವಿಗೆ ವಾಪಸು ಬರುತ್ತದೆ.

ಬ್ರೇಕ್ ಒತ್ತಿದಾಗ ಬಂದು, ಬಿಟ್ಟಾಗ ಹೋದರೆ ಆರೋಪಿ ಬ್ರೇಕ್ ಪ್ಯಾಡ್. ಬಹಳ ಪ್ಯಾಡುಗಳ ಅಂಚಿನಲ್ಲಿ ತಗಡಿನ ಸಣ್ಣ ನಾಲಿಗೆಯೊಂದು ಇರುತ್ತದೆ. ಪ್ಯಾಡಿನ ಮಸಾಲೆ ತೀರಿಹೋಗುತ್ತಾ ಬಂದಾಗ ಅದು ಡಿಸ್ಕಿಗೆ ತಾಗಿ ಕಿಂಯ್ ಎನ್ನಲಿ ಎಂದೇ ಇಟ್ಟದ್ದು. ಆ ಕಿಂಯ್ ನಿಮಗೆ ಹಂತ 1ರಲ್ಲಿ, ಹಾಡಿನ ನಡುವೆ, ಕೇಳಿಸಲಿಲ್ಲ. ಈಗ ಬರುತ್ತಿರುವ ಗರಗರ ಮಸಾಲೆ ಪೂರ್ತಿ ಮುಗಿದು ಹಿಂಬದಿಯ ಉಕ್ಕಿನ ತಟ್ಟೆಯೇ ಡಿಸ್ಕನ್ನು ಕೆರೆಯುವ ಸದ್ದು. ಇಲ್ಲಿ ತಮಾಷೆ ಬೇಡ. ಈ ಕಾರನ್ನು ಹತ್ತಿರದ ಗ್ಯಾರೇಜಿನ ಹೊರತು ಬೇರೆಲ್ಲಿಗೂ ಒಯ್ಯಬೇಡಿ, ಘಾಟಿಯ ಕಡೆಗಂತೂ ತಲೆ ಹಾಕಬೇಡಿ.

ಈ ಸದ್ದಿಗೆ ದೊಡ್ಡ ಮನೆತನದ ಇತಿಹಾಸವಿದೆ. 1888ರಲ್ಲಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು, ಅವನು ಕಟ್ಟಿದ ಮೋಟಾರು ಗಾಡಿಯಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ದಾರಿಯಲ್ಲಿ ಬ್ರೇಕಿನ ಮರದ ದಿಮ್ಮಿ ಸವೆದಾಗ ಜೋಡು ಹೊಲಿಯುವವನೊಬ್ಬನನ್ನು ಹಿಡಿದು ಅದಕ್ಕೆ ಚರ್ಮ ಹೊಡೆಸಿದಳು. ಬ್ರೇಕ್ ಲೈನಿಂಗ್ ಹುಟ್ಟಿದ್ದು ಹಾಗೆ, ಎಂಜಿನಿಯರನ ಮೇಜಿನ ಮೇಲಲ್ಲ. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅದರ ತಾಮ್ರದ ಪ್ಯಾಡು ಲೋಹದ ತಟ್ಟೆಯನ್ನು ಉಜ್ಜಿ ಕಿರುಚುತ್ತಿದ್ದದ್ದು ಅಸಹನೀಯವಾಗಿತ್ತಂತೆ. ಪ್ಯಾಡು ಬದಲಿಸದ ಮಾಲೀಕ ಆ ಪ್ರಯೋಗವನ್ನು ಸ್ವಂತ ಖರ್ಚಿನಲ್ಲಿ ಮುಂದುವರಿಸುತ್ತಿದ್ದಾನೆ.

ಮಳೆಗಾಲದಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಿಗ್ಗೆ ಮೊದಲ ಬ್ರೇಕಿಗೆ ಕರ್ ಎಂದರೆ ಮಾತ್ರ ಗಾಬರಿ ಬೇಡ. ಡಿಸ್ಕ್ ಎರಕದ ಕಬ್ಬಿಣ, ಒಂದೇ ರಾತ್ರಿಗೆ ತೆಳ್ಳಗೆ ತುಕ್ಕು ಹಿಡಿಯುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಪ್ಯಾಡೇ ಅದನ್ನು ಉಜ್ಜಿ ತೆಗೆಯುತ್ತದೆ. ಗ್ಯಾರೇಜಿಗೆ ಹೋದ ಕೂಡಲೇ ಸದ್ದು ಮಾಯವಾಗುವ ಪವಾಡದ ಒಂದು ಗುಟ್ಟು ಇದು. ದಾರಿಯ ಸಿಗ್ನಲ್ಲುಗಳಲ್ಲೇ ತುಕ್ಕು ಹೋಗಿರುತ್ತದೆ, ಮೆಕ್ಯಾನಿಕ್ ನಿಮ್ಮ ಮುಖವನ್ನು ಅನುಕಂಪದಿಂದ ನೋಡುತ್ತಾನೆ.

ಬ್ರೇಕಿಗೂ ಸದ್ದಿಗೂ ಸಂಬಂಧವಿಲ್ಲ, ವೇಗ ಏರಿದ ಹಾಗೆ ಗುಂಯ್ ಎನ್ನುವುದು ಗರಗರಕ್ಕೆ ತಿರುಗುತ್ತದೆ ಎಂದಾದರೆ ಭಾವಮೈದನಿಗೆ ಜಯವಾಗುವ ಸಾಧ್ಯತೆ ಇದೆ. ಬಲಕ್ಕೆ ತಿರುಗಿಸಿದಾಗ ಕಾರಿನ ಭಾರ ಎಡಗಡೆಗೆ ಬೀಳುತ್ತದೆ. ಆಗ ಸದ್ದು ಜೋರಾದರೆ ಅನುಮಾನ ಎಡಗಡೆಯ ಬೇರಿಂಗಿನ ಮೇಲೆ. ಎಡಕ್ಕೆ ತಿರುಗಿದಾಗ ಜೋರಾದರೆ ಬಲಗಡೆಯದ್ದು. ಆದರೂ ಅವನಿಗೆ ತಕ್ಷಣ ಫೋನ್ ಮಾಡಬೇಡಿ. ಏರುಪೇರಾಗಿ ಸವೆದ ಟೈರೂ ಹೀಗೆಯೇ ಗುಂಯ್‌ಗುಡುತ್ತದೆ. ಮುಂದಿನ ಚಕ್ರವನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಓಡಿಸಿ ನೋಡಿ. ಸದ್ದೂ ಹಿಂದಕ್ಕೆ ಹೋಗಿದ್ದರೆ ಬೇರಿಂಗ್ ನಿರ್ದೋಷಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಯೂ ಟರ್ನ್ ಹೊಡೆಯುವಾಗ ಕಟಕಟ ಎಂದರೆ ಆಕ್ಸಲ್ಲಿನ ಹೊರತುದಿಯ ಜಾಯಿಂಟು. ಅದನ್ನು ಮುಚ್ಚಿರುವ ರಬ್ಬರಿನ ಬೂಟು ಹರಿದು, ಒಳಗಿನ ಗ್ರೀಸು ಚಕ್ರದ ಒಳಮೈಗೆಲ್ಲ ಸಿಡಿದಿರುತ್ತದೆ. ಬೂಟು ಹರಿದ ಹೊಸತರಲ್ಲೇ ಕಂಡರೆ ಬೂಟು, ಗ್ರೀಸಿನ ಖರ್ಚಿನಲ್ಲೇ ಮುಗಿಯುತ್ತದೆ. ಮಣ್ಣು ನೀರು ಒಳಗೆ ಹೋಗಿ ಕಟಕಟ ಶುರುವಾದ ಮೇಲೆ ಜಾಯಿಂಟನ್ನೇ ಹಾಕಿಸಬೇಕು. ಮೆಕ್ಯಾನಿಕ್ ನೇರ ರಸ್ತೆಯಲ್ಲಿ ಟ್ರಯಲ್ ನೋಡಿ "ಏನೂ ಇಲ್ಲ ಸಾರ್" ಅನ್ನುವುದು, ಈ ಸದ್ದು ತಿರುಗಿಸಿದಾಗ ಮಾತ್ರ ಬರುವುದರಿಂದಲೇ. ಅವನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಸುತ್ತು ಹೊಡೆಸಿ.

ಇನ್ನು ಯಾವಾಗಲೂ, ಚಕ್ರ ತಿರುಗಿದಷ್ಟು ಹೊತ್ತೂ, ಡಬ್ಬಿಯೊಳಗೆ ಹರಳು ಹಾಕಿ ಎಳೆದ ಹಾಗೆ ಸದ್ದು ಬರುತ್ತಿದ್ದರೆ ನೀವು ಪುಣ್ಯವಂತರು. ಡಿಸ್ಕಿನ ಹಿಂದಿರುವ ತೆಳು ತಗಡಿಗೂ ಡಿಸ್ಕಿಗೂ ನಡುವೆ ಜಲ್ಲಿಯ ಚೂರು ಸಿಕ್ಕಿಕೊಂಡಿದೆ. ಸ್ವಲ್ಪ ದೂರ ರಿವರ್ಸ್ ತೆಗೆದುಕೊಂಡರೆ ಕೆಲವೊಮ್ಮೆ ತಾನಾಗಿಯೇ ಉದುರುತ್ತದೆ. ಹೊಂಡಕ್ಕೆ ಬಿದ್ದು ತಗಡೇ ಬಾಗಿ ಡಿಸ್ಕಿಗೆ ತಾಗುತ್ತಿದ್ದರೆ ಸ್ಕ್ರೂಡ್ರೈವರಿನಿಂದ ಹಿಂದಕ್ಕೆ ಮೀಟಿದರೆ ಮುಗಿಯಿತು. ಇಂಥ ಕೆಲಸಕ್ಕೆ ಮರ್ಯಾದಸ್ಥ ಮೆಕ್ಯಾನಿಕ್ ಟೀ ದುಡ್ಡು ಮಾತ್ರ ತೆಗೆದುಕೊಳ್ಳುತ್ತಾನೆ.

ಹಂತ 4: ಚಕ್ರ ಕಳಚುವುದು

ಸಮತಟ್ಟಾದ ಗಟ್ಟಿ ನೆಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಜಾಕಿ ಹಾಕುವ ಮುಂಚೆಯೇ, ಚಕ್ರ ನೆಲದ ಮೇಲಿರುವಾಗಲೇ, ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಕಾರಿನ ಜೊತೆ ಕೊಟ್ಟ ಸ್ಪ್ಯಾನರ್ ಗಿಡ್ಡವಿರುತ್ತದೆ, ಹೋದ ಸಲದ ಟೈರ್ ಅಂಗಡಿಯವನು ಮೆಷೀನಿನಲ್ಲಿ ಜನ್ಮಾಂತರಕ್ಕೆ ಬಿಗಿದಿರುತ್ತಾನೆ. ಬೈಯಬೇಡಿ, ಸ್ಪ್ಯಾನರಿನ ಹಿಡಿಗೆ ಒಂದು ಪೈಪು ತೂರಿಸಿ ಒತ್ತಿ. ಬರಿ ಜಾಕಿಯ ಮೇಲೆ ನಿಂತ ಕಾರಿನಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬೇಡಿ, ಸ್ಟ್ಯಾಂಡ್ ಕೊಡಿ.

ಜಾಕಿಯಲ್ಲಿ ಎತ್ತಿದ ಮೇಲೆ, ಚಕ್ರ ಬಿಚ್ಚುವ ಮೊದಲು, ಸಡಿಲಿಸಿದ ನಟ್ಟುಗಳನ್ನು ಹಗುರವಾಗಿ ಬಿಗಿದು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಲಟಲಟ ಎಂದು ಆಡಿದರೆ ಬೇರಿಂಗೋ ಬಾಲ್ ಜಾಯಿಂಟೋ ಸಡಿಲಾಗಿದೆ. ಆಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಶನ್ನಿನ ಸ್ಪ್ರಿಂಗಿನ ಮೇಲೆ ಹಗುರವಾಗಿ ಇಡಿ. ಹಳೇ ಮೆಕ್ಯಾನಿಕ್‌ಗಳು ಮಾತಿಲ್ಲದೆ ಮಾಡುವ ಪರೀಕ್ಷೆ ಇದು. ಕಿವಿಗೆ ಸಿಗದ ಸದ್ದು ಸ್ಪ್ರಿಂಗಿನಲ್ಲಿ ಬೆರಳಿಗೆ ಸಿಗುತ್ತದೆ: ಬೇರಿಂಗ್ ಸರಿಯಿದ್ದರೆ ಏನೂ ತಿಳಿಯುವುದಿಲ್ಲ, ಒಳಗಿನ ಗುಂಡುಗಳ ದಾರಿ ಕಿತ್ತುಹೋಗಿದ್ದರೆ ಸಣ್ಣ ನಡುಕ ಬೆರಳ ತುದಿಗೆ ಹತ್ತುತ್ತದೆ. ಹಾಗೆ ಹತ್ತಿದರೆ ಈ ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ. ಬೇರಿಂಗನ್ನು ಬಹಳ ಕಾರುಗಳಲ್ಲಿ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವ ಗ್ಯಾರೇಜಿಗೆ ಹೋದರೆ ಕೆಲವೇ ತಿಂಗಳಲ್ಲಿ ಅದೇ ಗ್ಯಾರೇಜಿಗೆ ಮತ್ತೆ ಹೋಗುತ್ತೀರಿ.

ಹಂತ 5: ಪ್ಯಾಡು

ನಡುಕ ಹತ್ತದಿದ್ದರೆ ಚಕ್ರ ಬಿಚ್ಚಿ, ಡಿಸ್ಕಿನ ಮೇಲೆ ಉಗುರು ಎಳೆಯಿರಿ. ನುಣ್ಣಗೆ ಜಾರಿದರೆ ಸರಿ; ಹಳೆಯ ಗ್ರಾಮಫೋನ್ ತಟ್ಟೆಯಂತೆ ಗೀರಿಗೆ ಉಗುರು ತಡೆದರೆ ಪ್ಯಾಡಿನ ಜೊತೆ ಡಿಸ್ಕಿನ ಕಥೆಯೂ ಇದೆ. ಅದರ ಮೇಲೆ ಕನಿಷ್ಠ ದಪ್ಪ ಇಷ್ಟು ಎಂದು ಕೆತ್ತಿರುತ್ತಾರೆ. ಲೇತಿಗೆ ಕೊಟ್ಟು ತುರಿಸಿದ ಮೇಲೂ ಅದಕ್ಕಿಂತ ದಪ್ಪ ಉಳಿಯುವುದಾದರೆ ತುರಿಸಬಹುದು, ಇಲ್ಲದಿದ್ದರೆ ಹೊಸದು. ಹೊಸ ಪ್ಯಾಡಿನ ಮಸಾಲೆ ಸುಮಾರು 10 ಮಿಲಿಮೀಟರ್ ಇರುತ್ತದೆ. 3ಕ್ಕೆ ಇಳಿದರೆ ಬದಲಿಸಬೇಕು. ಒಳಗಿನ ಪ್ಯಾಡು ಪೂರ್ತಿ ಸವೆದು ಹೊರಗಿನದು ಹೊಸದರ ಹಾಗಿದ್ದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನು ಹಿಡಿದುಕೊಂಡಿದೆ. ಅದನ್ನು ಉಜ್ಜಿ, ಅದಕ್ಕೆಂದೇ ಇರುವ ಗ್ರೀಸ್ ಸವರದೆ ಹೊಸ ಪ್ಯಾಡು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬಿಚ್ಚಿದ ಕ್ಯಾಲಿಪರನ್ನು ಅದರ ರಬ್ಬರ್ ಹೋಸಿನಿಂದ ನೇತುಬಿಡಬೇಡಿ, ತಂತಿಯಲ್ಲಿ ಕಟ್ಟಿ. ಬ್ರೇಕಿನ ಧೂಳನ್ನು ಬಾಯಲ್ಲಿ ಉಫ್ ಎಂದು ಊದಬೇಡಿ, ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು. ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ, ಚೆಲ್ಲಿದರೆ ಪೇಂಟ್ ಏಳುತ್ತದೆ. ಎಡಕ್ಕೆ ಹಾಕಿದರೆ ಬಲಕ್ಕೂ ಹಾಕಿ. ಒಂದೇ ಕಡೆ ಹಾಕಿ ಉಳಿಸಿದ ದುಡ್ಡು ಬ್ರೇಕ್ ಒತ್ತಿದಾಗ ಕಾರನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ.

ಎಚ್ಚರಿಕೆ: ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಬ್ರೇಕ್ ತುಳಿದಾಗ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಪಿಸ್ಟನ್ ಇನ್ನೂ ಪ್ಯಾಡನ್ನು ಮುಟ್ಟಿಲ್ಲ. ನಿಂತಲ್ಲೇ ಹಲವು ಸಲ ತುಳಿದು ಪೆಡಲ್ ಗಟ್ಟಿಯಾಗುವವರೆಗೆ ಕಾರನ್ನು ಒಂದಡಿಯೂ ಮುಂದಕ್ಕೆ ಬಿಡಬೇಡಿ. ಮನೆಯಲ್ಲೇ ಪ್ಯಾಡು ಹಾಕಿಕೊಂಡವರು ಕಾಂಪೌಂಡ್ ಗೇಟಿಗೆ ಗುದ್ದುವುದು ಇದನ್ನು ಮರೆತಾಗ.

ಹಂತ 6: ಲೆಕ್ಕ ಚುಕ್ತಾ

ಇಷ್ಟೆಲ್ಲ ಓದಿ ಗ್ಯಾರೇಜಿಗೇ ಕೊಡುವುದೆಂದು ತೀರ್ಮಾನಿಸಿದರೆ ಅದು ಸೋಲಲ್ಲ, ಈ ಕೈಪಿಡಿಯ ಉದ್ದೇಶವೇ ಬಹುಮಟ್ಟಿಗೆ ಅದು. "ಗರಗರ ಅಂತಿದೆ, ನೋಡಿ" ಎನ್ನುವ ಗಿರಾಕಿಯ ಬಿಲ್ಲೂ "60 ದಾಟಿದ ಮೇಲೆ ಬರುತ್ತೆ, ಬಲಕ್ಕೆ ತಿರುಗಿಸಿದ್ರೆ ಜಾಸ್ತಿ" ಎನ್ನುವ ಗಿರಾಕಿಯ ಬಿಲ್ಲೂ ಒಂದೇ ಇರುವುದಿಲ್ಲ. ಬದಲಿಸಿದ ಹಳೇ ಸಾಮಾನನ್ನು ಡಿಕ್ಕಿಯಲ್ಲಿ ಹಾಕಿಕೊಡಿ ಎಂದು ಮೊದಲೇ ಹೇಳಿ. ಒರಿಜಿನಲ್ಲೋ ಲೋಕಲ್ಲೋ ಎಂಬ ಅನುಮಾನವಿದ್ದರೆ ಬೆಂಗಳೂರಿನವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಮ್ಮೆ ದರ ವಿಚಾರಿಸಿಕೊಂಡೇ ಹೋಗುವುದು ಒಳ್ಳೆಯದು. ಬೇರೆ ಊರಿನವರಿಗೆ ಆ ಟ್ರಾಫಿಕ್ಕಿನ ಯೋಗವಿಲ್ಲ.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹದವಾಗಿ ಬ್ರೇಕ್ ಹಿಡಿಯಿರಿ. ಮಾರನೇ ದಿನವೇ ಸಂಸಾರ ಸಮೇತ ಚಾರ್ಮಾಡಿ ಘಾಟಿ ಇಳಿಯುವುದು ಬೇಡ. ಇಳಿಯಲೇಬೇಕಾದರೆ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಸೆಕೆಂಡ್ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೊರಟವರ ಬ್ರೇಕು ಅರ್ಧ ಘಾಟಿಯಲ್ಲೇ ಕಮಟು ವಾಸನೆ ಹೊಡೆಯುತ್ತದೆ. ಕೊನೆಯದಾಗಿ, ವೀಲ್ ನಟ್ಟುಗಳನ್ನು ಒಂದರ ಎದುರು ಒಂದರಂತೆ ಬಿಗಿದಿರಬೇಕು. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ, ಗ್ಯಾರೇಜಿನವರು ಎಷ್ಟೇ ಭರವಸೆ ಕೊಟ್ಟಿದ್ದರೂ, ನೀವೇ ಸ್ಪ್ಯಾನರ್ ಹಿಡಿದು ಇನ್ನೊಮ್ಮೆ ಬಿಗಿ ನೋಡಿ.