ಮಹಾಸ್ವಾಮಿಗಳೇ, ಚಾರ್ಜರ್ ಎಲ್ಲಿ?

ಕ್ಯೂಪರ್ಟಿನೊದ ಆ್ಯಪಲ್, ಮೌಂಟನ್ ವ್ಯೂನ ಗೂಗಲ್, ಸುವೋನಿನ ಸ್ಯಾಮ್‌ಸಂಗ್ ಮತ್ತು ನಿವೃತ್ತ ಪೈಲ್ವಾನ್ ಮೈಕ್ರೋಸಾಫ್ಟ್ ಇವರ ಸನ್ನಿಧಾನಕ್ಕೆ

ವಿಷಯ: ನಿಮ್ಮ ಯುದ್ಧದಲ್ಲಿ ನನ್ನ ಚಾರ್ಜರ್ ಮಡಿದ ಬಗ್ಗೆ

ಮಾನ್ಯರೇ,

ಹಳೆಯ ಫೋನು ಚೆನ್ನಾಗಿಯೇ ಇತ್ತು. ಗಾಜು ಒಡೆದಿರಲಿಲ್ಲ, ಮಾತು ಕೇಳಿಸುತ್ತಿತ್ತು. ಆದರೆ ಅದಕ್ಕೆ ಅಪ್‌ಡೇಟ್ ನಿಂತಿತು. ಅಪ್‌ಡೇಟ್ ನಿಂತಿದ್ದಕ್ಕೆ ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ. ಆ್ಯಪ್ ತೆರೆಯದಿದ್ದಕ್ಕೆ ಸೊಪ್ಪಿನಮ್ಮನ ಮುಂದೆ ಮರ್ಯಾದೆ ಹೋಯಿತು. ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಮಧ್ಯಾಹ್ನದವರೆಗೆ ಕೂತೆ. ಕೌಂಟರಿನ ಹುಡುಗ ಫೋನನ್ನು ಮುಟ್ಟಲೂ ಇಲ್ಲ. “ಇದಕ್ಕೆ ಸಪೋರ್ಟ್ ಮುಗ್ದಿದೆ ಸಾರ್, ಹೊಸದು ತಗೊಂಡ್ಬಿಡಿ” ಅಂದ.

ತಗೊಂಡೆ. ಮನೆಗೆ ಬಂದು ಡಬ್ಬಿ ಬಿಚ್ಚಿದರೆ ಫೋನು, ಒಂದು ವೈರು, ಸಿಮ್ ತೆಗೆಯುವ ಸೂಜಿ, ಯಾರೂ ಓದದ ಪುಸ್ತಿಕೆ. ಚಾರ್ಜರ್ ಇಲ್ಲ. ತಳದ ರಟ್ಟನ್ನೂ ಕಿತ್ತು ನೋಡಿದೆ. ವೈರಿನ ಎರಡೂ ತುದಿ ಒಂದೇ ಥರ; ಮನೆಯಲ್ಲಿರುವ ಹಳೆಯ ಚಾರ್ಜರಿಗೆ ಯಾವುದೂ ಹೋಗುವುದಿಲ್ಲ. ಅಂಗಡಿಗೆ ಫೋನ್ ಮಾಡಿ ಕೇಳಿದೆ. “ಪರಿಸರ ಸಾರ್” ಅಂದರು.

ನೀವುಗಳು ಪರಸ್ಪರ ಎದುರಾಳಿಗಳು ಅಂತ ಪೇಪರಿನಲ್ಲಿ ಓದಿಕೊಂಡು ಬಂದವನು ನಾನು. 2007ರಲ್ಲಿ ಐಫೋನ್ ಬಂದಾಗ, ಕೀಲಿಮಣೆ ಇಲ್ಲದ ಇಷ್ಟು ದುಬಾರಿ ಫೋನೇ ಎಂದು ಮೈಕ್ರೋಸಾಫ್ಟಿನ ಸ್ಟೀವ್ ಬಾಲ್ಮರ್ ಕ್ಯಾಮೆರಾ ಮುಂದೆ ನಕ್ಕರು. ಮರುವರ್ಷ ಗೂಗಲ್‌ನ ಆಂಡ್ರಾಯ್ಡ್ ಇರುವ ಫೋನ್ ಬಂತು. ಅದು ತಮ್ಮಿಂದ ಕದ್ದ ಮಾಲು ಎಂದು ಆ್ಯಪಲ್‌ನ ಸ್ಟೀವ್ ಜಾಬ್ಸ್ ಕೆಂಡಾಮಂಡಲವಾದರು. ದುಂಡು ಮೂಲೆಯ ಆಕಾರವೂ ಸೇರಿದಂತೆ ಆ್ಯಪಲ್‌ನ ಹಲವು ಪೇಟೆಂಟುಗಳನ್ನು ಉಲ್ಲಂಘಿಸಿದ್ದಕ್ಕೆ ಸ್ಯಾಮ್‌ಸಂಗ್ 105 ಕೋಟಿ ಡಾಲರ್ ಕೊಡಬೇಕೆಂದು 2012ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಹೇಳಿತು. ಮತ್ತೆ ಆರು ವರ್ಷ ಎಳೆದಾಡಿ ರಾಜಿಯಾದಿರಿ. ಕೋರ್ಟಿನಲ್ಲಿ ಈ ಕಿತ್ತಾಟ ನಡೆಯುತ್ತಿರುವಾಗಲೇ ಐಫೋನ್ ಟೆನ್‌ಗೆ ಪರದೆ ಬಂದದ್ದು ಎಲ್ಲಿಂದ? ಸ್ಯಾಮ್‌ಸಂಗಿನಿಂದ! ಗೂಗಲ್ ಮಹಾಶಯರಂತೂ ಐಫೋನಿನ ಬ್ರೌಸರಿನಲ್ಲಿ ತಮ್ಮ ಹುಡುಕಾಟವೇ ಮೊದಲು ನಿಲ್ಲಲಿ ಎಂದು 2022ರ ಒಂದೇ ವರ್ಷದಲ್ಲಿ ಆ್ಯಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟದ್ದು ಅಮೆರಿಕದ ಕೋರ್ಟಿನಲ್ಲಿ ಬಯಲಾಯಿತು. ಅಖಾಡದಲ್ಲಿ ಪಟ್ಟು, ಹಿತ್ತಲಲ್ಲಿ ಪಾಲು.

ನಕ್ಕ ಮೈಕ್ರೋಸಾಫ್ಟ್ 2014ರಲ್ಲಿ ನೋಕಿಯಾದ ಫೋನ್ ವ್ಯವಹಾರ ಕೊಂಡು, ಮರುವರ್ಷವೇ 760 ಕೋಟಿ ಡಾಲರನ್ನು ನಷ್ಟದ ಲೆಕ್ಕಕ್ಕೆ ಬರೆಯಿತು. ತೆರಿಗೆ ತಕರಾರಿನಿಂದ ಆ ಮಾರಾಟದ ಹೊರಗುಳಿದ ಶ್ರೀಪೆರುಂಬುದೂರಿನ ನೋಕಿಯಾ ಕಾರ್ಖಾನೆ ಅದೇ 2014ರ ನವೆಂಬರಿನಲ್ಲಿ ಬಾಗಿಲು ಹಾಕಿತು. ನೋಕಿಯಾ ಡಬ್ಬಿಯಲ್ಲಿ ಚಾರ್ಜರ್ ಇರುತ್ತಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಈಗ ಅಸಲು ವಿಷಯ. 2016ರಲ್ಲಿ ಆ್ಯಪಲ್ ಐಫೋನ್ 7ರಿಂದ ಇಯರ್‌ಫೋನಿನ ತೂತು ಮುಚ್ಚಿತು. ಅದಕ್ಕೆ ಧೈರ್ಯ ಬೇಕೆಂದು ವೇದಿಕೆಯ ಮೇಲೇ ಬೆನ್ನು ತಟ್ಟಿಕೊಂಡಿತು. ನಮ್ಮ ಪಿಕ್ಸೆಲ್‌ನಲ್ಲಿ ತೂತಿದೆ ನೋಡಿ ಎಂದು ಗೂಗಲ್ ಜಾಹೀರಾತಿನಲ್ಲಿ ಚುಚ್ಚಿತು. ಮರುವರ್ಷ ಪಿಕ್ಸೆಲ್ 2ರಲ್ಲಿ ತೂತಿಲ್ಲ. ಸ್ಯಾಮ್‌ಸಂಗ್ 2017ರಲ್ಲಿ ಜಾಹೀರಾತು ಮಾಡಿ ನಕ್ಕಿತು. 2019ರ ನೋಟ್ 10ರಲ್ಲಿ ತೂತಿಲ್ಲ. 2020ರ ಅಕ್ಟೋಬರಿನಲ್ಲಿ ಆ್ಯಪಲ್ ಡಬ್ಬಿಯಿಂದ ಚಾರ್ಜರನ್ನೇ ಎತ್ತಿತು. ನಮ್ಮಲ್ಲಿ ಸಿಗುತ್ತದೆ ಎಂದು ಸ್ಯಾಮ್‌ಸಂಗ್ ಫೇಸ್‌ಬುಕ್‌ನಲ್ಲಿ ಚಾರ್ಜರಿನ ಫೋಟೊ ಹಾಕಿತು. ಸ್ವಲ್ಪ ದಿನಕ್ಕೆ ಫೋಟೊ ಮಾಯ. 2021ರ ಜನವರಿಯಲ್ಲಿ ಎಸ್21 ಡಬ್ಬಿಯಿಂದ ಚಾರ್ಜರೂ ಮಾಯ.

ಸ್ವಾಮಿ, ಅಣಕಿಸಿದ್ದನ್ನೇ ನಕಲು ಮಾಡುವುದಕ್ಕೆ ಸ್ಪರ್ಧೆ ಅಂತ ಕರೆಯುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?

ಡಬ್ಬಿ ಚಿಕ್ಕದಾದ್ದರಿಂದ ಸಾಗಣೆ ಹಲಗೆಯೊಂದರ ಮೇಲೆ ಶೇ. 70ರವರೆಗೆ ಹೆಚ್ಚು ಡಬ್ಬಿ ಹಿಡಿಸುತ್ತವೆ ಎಂದು ಆ್ಯಪಲ್ ಹೇಳಿತು. ಸಂತೋಷ. ಆ ಉಳಿತಾಯದಲ್ಲಿ ನನ್ನ ಪಾಲೆಷ್ಟು? ನಾನು ಬೇರೆಯಾಗಿ ಕೊಂಡ ಚಾರ್ಜರ್ ತನ್ನದೇ ಡಬ್ಬಿ, ತನ್ನದೇ ಪ್ಲಾಸ್ಟಿಕ್ಕು, ತನ್ನದೇ ಬಿಲ್ಲಿನೊಂದಿಗೆ ಡೆಲಿವರಿ ಹುಡುಗನ ಪೆಟ್ರೋಲ್ ಬೈಕಿನ ಮೇಲೆ ಬಂತು. ಪರಿಸರ ಸಾರ್!

ಫೋನಿನೊಳಗೆ ನಾನು ಕೇಳದ ಆ್ಯಪ್‌ಗಳು ತುಂಬಿವೆ. ತನ್ನ ಆ್ಯಪ್‌ಗಳನ್ನು ಮೊದಲೇ ತುಂಬಿಸಿಕೊಡಬೇಕೆಂದು ಫೋನ್ ತಯಾರಕರಿಗೆ ಗಂಟು ಹಾಕಿದ್ದೂ ಸೇರಿದಂತೆ ಗೂಗಲ್‌ನ ಹಲವು ನಡೆಗಳಿಗೆ ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಬೇಡದ್ದೆಲ್ಲ ಬಿಟ್ಟಿ, ಬೇಕಾದ ಚಾರ್ಜರ್ ಮಾತ್ರ ಭೂಮಿಗೆ ಭಾರ. ಬ್ರೆಜಿಲ್ ಸರ್ಕಾರ ಅದೇ ವರ್ಷ ಚಾರ್ಜರಿಲ್ಲದ ಐಫೋನ್ ಮಾರಬೇಡಿ ಎಂದು ಆಜ್ಞೆ ಮಾಡಿ ಆ್ಯಪಲ್‌ಗೆ ದಂಡವನ್ನೂ ಜಡಿಯಿತು. ಆ ಅಧಿಕಾರಿಗಳಿಗೆ ನಮ್ಮ ಬೀದಿಯ ಪರವಾಗಿ ಒಂದು ಶಾಲು ಹೊದಿಸಬೇಕು.

ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಟೈಪ್ ಸಿ ಕಡ್ಡಾಯ. ಒಳಗೆ ಚಾರ್ಜರ್ ಇದೆಯೋ ಇಲ್ಲವೋ ಎಂಬ ಚಿತ್ರವನ್ನೂ ಡಬ್ಬಿಯ ಮೇಲೆ ಅಚ್ಚು ಹಾಕಲೇಬೇಕು. ಆ ಚಿತ್ರವನ್ನು ಇಲ್ಲಿಯ ಡಬ್ಬಿಗೂ ಹಾಕಿ, ದೊಡ್ಡದಾಗಿ, ಬೆಲೆಯ ಪಕ್ಕದಲ್ಲೇ. ಇದು ನನ್ನ ಒಂದೇ ಬೇಡಿಕೆ. ಅಲ್ಲಿಯವರೆಗೆ ಓದುಗರೇ, ದುಡ್ಡು ಕೊಡುವ ಮೊದಲು ಡಬ್ಬಿಯಲ್ಲಿ ಏನೇನಿದೆ ಎಂದು ಅಂಗಡಿಯಲ್ಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇಂತಿ,
ಬಲವಂತದ ಪರಿಸರಪ್ರೇಮಿ